ಮಾವ ಟ್ರಂಕಿನಲ್ಲಿಟ್ಟ ಕಾಗದ, ಲಿವರಿನಲ್ಲಿ ಮಲಗಿದ್ದ ಕಾಮಣಿ

ನಮ್ಮ ಬಳಗದ ಗೆಳೆಯನೊಬ್ಬನ ಊರು ಸವದತ್ತಿ ತಾಲ್ಲೂಕಿನ ಮಲಪ್ರಭಾ ದಂಡೆಗಿದೆ. ಅವನ ಸೋದರಮಾವ ತೀರಿಕೊಂಡು ದಿನಕರ್ಮ ಮುಗಿದ ಮೇಲೆ, ಹೊಲದ ಉತಾರ ಹುಡುಕಲಿಕ್ಕೆ ಮನೆಯವರು ಮಾವನ ತಗಡಿನ ಟ್ರಂಕು ತೆಗೆದರು. ಉತಾರದ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟ ಒಂದು ಇಂಗ್ಲಿಷ್ ಕಾಗದ ಇತ್ತು. ಅತ್ತಿ ಅದನ್ನು ನೋಡಿ, "ಅದು ನಿಮ್ಮ ಮಾವ ರಗತಾ ಕೊಟ್ಟಾಗ ಬಂದ ಸರ್ಟಿಫಿಕೇಟ್ ಐತಿ ತಮ್ಮಾ, ಹರೀಬ್ಯಾಡ" ಅಂದರು.

ಅದು ಸರ್ಟಿಫಿಕೇಟ್ ಆಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಮಾವ ರಕ್ತದಾನ ಮಾಡಿದ್ದರು. ಆಮೇಲೆ ಬಂದ ಎರಡು ಸಾಲಿನ ಕಾಗದ ಅದು. "ನಿಮ್ಮ ರಕ್ತದ ತಪಾಸಣೆಯ ವಿಷಯವಾಗಿ ನಮ್ಮನ್ನು ಬಂದು ಕಾಣಿರಿ" ಎಂದಷ್ಟೇ ಇತ್ತು. ಏನು ತಪಾಸಣೆ, ಏನು ಸಿಕ್ಕಿತು, ಯಾಕೆ ಬರಬೇಕು, ಒಂದೂ ಇಲ್ಲ. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಊರಲ್ಲಿ ಓದಿ ಹೇಳಿದವನೂ ಇಲ್ಲ. ಹನ್ನೊಂದು ವರ್ಷ ಅದನ್ನು ಅವರು ಹೆಮ್ಮೆಯಿಂದ ಕಾಪಾಡಿದರು.

ಆ ಹನ್ನೊಂದು ವರ್ಷದ ಕೊನೆಗೆ ಏನಾಯಿತು ಹೇಳುತ್ತೇವೆ. ಮಾವನಿಗೆ ಮೊಣಕಾಲು ನೋವು ಶುರುವಾಯಿತು. ಪೇಟೆಯ ಒಂದು ದವಾಖಾನೆಯಲ್ಲಿ ಸೂಜಿ ಮಾಡಿ, ಸಣ್ಣ ಬಿಳಿ ಗುಳಿಗೆ ಕೊಟ್ಟರು. ಎರಡೇ ದಿನದಲ್ಲಿ ನೋವು ಮಾಯ. ಮಾವ ಆ ಗುಳಿಗೆಯನ್ನು ಎಂಟು ತಿಂಗಳು ನುಂಗಿದರು. ಮುಖ ದುಂಡಗಾಯಿತು. ಊರವರು "ಮೈ ಹತ್ತೇತಿ" ಅಂದರು. ಒಂದು ದಿನ ಗುಳಿಗೆ ಮುಗಿದವು, ಬಿತ್ತಿಗೆಯ ಗಡಿಬಿಡಿಯಲ್ಲಿ ಮತ್ತೆ ತರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಣ್ಣು ಹಳದಿಯಾದವು. ಕಾಮಣಿ ಅಂತ ಹೇಳಿ ನಾಟಿ ಔಷಧ ಕುಡಿಸಿದರು, ಕೈಗೆ ಬರೆ ಎಳೆಸಿದರು, ಉಪ್ಪು ಎಣ್ಣೆ ಬಿಡಿಸಿದರು. ಹದಿನೈದು ದಿನ ಅದರಲ್ಲೇ ಹೋಯಿತು. ಹೊಟ್ಟೆ ಉಬ್ಬಿತು, ಮಾತು ತೊದಲಿತು, ಮನೆಯವರ ಗುರುತು ತಪ್ಪಿತು. ದೊಡ್ಡ ಆಸ್ಪತ್ರೆಗೆ ಒಯ್ದ ಒಂಬತ್ತನೇ ದಿನ ಹೋದರು. ಐವತ್ತೆರಡು ವರ್ಷ.

ಅಲ್ಲಿನ ಡಾಕ್ಟರು ಗೆಳೆಯನಿಗೆ ಕೇಳಿದ ಪ್ರಶ್ನೆ ಇದು: "ಇವರಿಗೆ ಹೆಪಟೈಟಿಸ್ ಬಿ ಬಹಳ ಹಳೇದು ಐತಿ. ಸ್ಟಿರಾಯ್ಡ್ ಸುರು ಮಾಡೂ ಮುಂದ ಯಾರೂ ರಕ್ತಾ ನೋಡ್ಲಿಲ್ಲೇನು?"

ಯಾರೂ ನೋಡಿರಲಿಲ್ಲ. ನೋಡಿದವರು ಹನ್ನೊಂದು ವರ್ಷದ ಹಿಂದೆಯೇ ನೋಡಿದ್ದರು, ಆದರೆ ಹೇಳಿರಲಿಲ್ಲ. ಈ ಬರಹ ಆ ಪ್ರಶ್ನೆಯ ಬಗ್ಗೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲ್ಲೂಕಿನಲ್ಲಿ ಯಾವ ಡಾಕ್ಟರೂ, ಯಾವ ದವಾಖಾನೆಯೂ ಈ ಪ್ರಶ್ನೆ ಕೇಳದೆ ಸ್ಟಿರಾಯ್ಡ್ ಆಗಲಿ ಕ್ಯಾನ್ಸರ್ ಔಷಧವಾಗಲಿ ತಿಂಗಳುಗಟ್ಟಲೆ ಕೊಡಬಾರದು. ನಮ್ಮ ವಾದ ಇಷ್ಟೇ. ಇದಕ್ಕೆ ಬೇಕಾಗಿರುವುದು ಒಂದು ರಕ್ತ ತಪಾಸಣೆ.

ಎಲ್ಲಾ ಕಾಮಣಿ ಒಂದಲ್ಲ

ನಮ್ಮ ಕಡೆ ಕಣ್ಣು ಹಳದಿಯಾದರೆ ಎಲ್ಲದಕ್ಕೂ ಒಂದೇ ಹೆಸರು, ಕಾಮಣಿ. ಆದರೆ ಅದರೊಳಗೆ ಬೇರೆ ಬೇರೆ ಬ್ಯಾನಿಗಳಿವೆ. ಮಳೆಗಾಲದಲ್ಲಿ ಕುಡಿಯುವ ನೀರಿಗೆ ಹೊಲಸು ಸೇರಿ ಓಣಿಗೆ ಓಣಿಯೇ ಮಲಗುತ್ತದಲ್ಲ, ಅದು ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಬಾಯಿಯಿಂದ ಬರುತ್ತದೆ, ಕೆಲವು ವಾರ ಕಾಡುತ್ತದೆ, ಬಹುತೇಕ ಜನರಿಗೆ ತಾನೇ ಹೋಗುತ್ತದೆ. ಬಸುರಿ ಹೆಣ್ಣುಮಕ್ಕಳಿಗೆ ಮಾತ್ರ ಹೆಪಟೈಟಿಸ್ ಇ ಜೀವಕ್ಕೇ ಅಪಾಯ, ಅದನ್ನು ಹಗುರಾಗಿ ತಗೋಬಾರದು.

ಹೆಪಟೈಟಿಸ್ ಬಿ ಹಾಗಲ್ಲ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬರುತ್ತದೆ. ದೊಡ್ಡವರಾದ ಮೇಲೆ ಬಂದರೆ ನೂರರಲ್ಲಿ ತೊಂಬತ್ತೈದು ಜನರ ಮೈ ಅದನ್ನು ಹತ್ತಿಕ್ಕುತ್ತದೆ. ಹುಟ್ಟುವಾಗ ಬಂದರೆ ಲೆಕ್ಕ ಉಲ್ಟಾ: ಅಂಥ ಕೂಸುಗಳಲ್ಲಿ ನೂರಕ್ಕೆ ತೊಂಬತ್ತರ ಮೈಯಲ್ಲಿ ಅದು ಜೀವನವಿಡೀ ಉಳಿಯುತ್ತದೆ. ಉಳಿದರೂ ಹೊರಗೆ ಏನೂ ಕಾಣುವುದಿಲ್ಲ. ಆ ಮನುಷ್ಯ ಗಳೆ ಹೊಡೆಯುತ್ತಾನೆ, ಕಬ್ಬು ಕಡಿಯುತ್ತಾನೆ, ಮದುವೆಯಾಗುತ್ತಾನೆ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಹಾಗೆ.

ಈ ವೈರಸ್ಸು ಲಿವರಿನ ಜೀವಕೋಶದ ನಡುಗರ್ಭದಲ್ಲೇ ತನ್ನ ಬೀಜ ಬಿಟ್ಟಿರುತ್ತದೆ. ಇವತ್ತಿನ ಔಷಧಗಳು ಅದನ್ನು ಅದುಮಿ ಹಿಡಿಯುತ್ತವೆ, ಬುಡಸಮೇತ ಕೀಳಲಾರವು. ಮೈಯ ರೋಗನಿರೋಧಕ ಶಕ್ತಿ ಅದರ ಮೇಲೆ ಕಣ್ಣಿಟ್ಟು ಕಾಯುತ್ತಿರುತ್ತದೆ. ಆ ಕಾವಲನ್ನು ಔಷಧದಿಂದ ನಾವೇ ಕುಗ್ಗಿಸಿದರೆ ವೈರಸ್ಸು ಎದ್ದು ಬೆಳೆಯುತ್ತದೆ. ಔಷಧ ನಿಲ್ಲಿಸಿದಾಗ ಕಾವಲು ಮರಳಿ ಬರುತ್ತದೆ, ಬಂದು ನೋಡಿದರೆ ಲಿವರ್ ತುಂಬ ವೈರಸ್ಸು. ಆಗ ಅದು ವೈರಸ್ಸಿದ್ದ ಜೀವಕೋಶಗಳನ್ನೆಲ್ಲ ಒಮ್ಮೆಲೇ ಬಡಿಯುತ್ತದೆ. ಲಿವರ್ ಹಾಳಾಗುವುದು ಆ ಹೊಡೆತಕ್ಕೆ. ಮಾವನಿಗೆ ಗುಳಿಗೆ ನುಂಗುವಾಗ ಏನೂ ಆಗದೆ, ಬಿಟ್ಟ ಮೇಲೆ ಕಣ್ಣು ಹಳದಿಯಾಗಿದ್ದು ಈ ಕಾರಣಕ್ಕೆ.

ಹಾಗಾಗಿ "ಎಲ್ಲೋ ಹೊರಗ ಉಂಡಾನ, ಕಾಮಣಿ ಆಗೇತಿ" ಅನ್ನುವ ಮಾತು ಇಲ್ಲಿ ಸುಳ್ಳು. ಅದು ಹೊರಗಿನಿಂದ ಹೊಸದಾಗಿ ಬಂದದ್ದಲ್ಲ. ಒಳಗೇ ಇತ್ತು, ನಾವು ಎಬ್ಬಿಸಿದೆವು.

ಎಬ್ಬಿಸುವವರು ಯಾರು?

ಮೊದಲನೆಯದು ಸ್ಟಿರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್ ಎಂಬ ಹೆಸರುಗಳನ್ನು ಗುಳಿಗೆ ಚೀಟಿಯ ಮೇಲೆ ನೋಡಿರುತ್ತೀರಿ. ಇವು ಕೆಟ್ಟ ಔಷಧಗಳಲ್ಲ, ಸರಿಯಾದ ಜಾಗದಲ್ಲಿ ಜೀವ ಉಳಿಸುತ್ತವೆ. ಒಂದೆರಡು ದಿನ ಕೊಟ್ಟರೆ ಈ ವಿಷಯದಲ್ಲಿ ಅಪಾಯ ಕಡಿಮೆ. ದಿನಾಲೂ, ನಾಲ್ಕು ವಾರ ಮೀರಿ ಕೊಡುವಾಗ ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಏರುತ್ತದೆ. ಉಬ್ಬಸಕ್ಕೆ, ಸಂಧಿವಾತಕ್ಕೆ, ಚರ್ಮದ ಬ್ಯಾನಿಗೆ, ಕಿಡ್ನಿ ಬ್ಯಾನಿಗೆ ತಿಂಗಳುಗಟ್ಟಲೆ ಕೊಡುತ್ತಾರೆ. ಜಾತ್ರೆ ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಬಾಜೂಕ ಮಾರುವ ಹೆಸರಿಲ್ಲದ ನೋವಿನ ಪುಡಿಯಲ್ಲೂ ಸ್ಟಿರಾಯ್ಡ್ ಬೆರೆಸುವ ಚಾಳಿ ನಮ್ಮ ದೇಶಕ್ಕೆ ಹೊಸದಲ್ಲ. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಯಾವ ಪುಡಿಯನ್ನೂ ನಂಬಬೇಡಿ.

ಎರಡನೆಯದು ಕ್ಯಾನ್ಸರ್ ಚಿಕಿತ್ಸೆ. ಕಿಮೋ ಹಾಕಿದಾಗ ಮಲಗಿದ ಹೆಪಟೈಟಿಸ್ ಬಿ ಎದ್ದು ಬರಬಹುದು. ರಿಟುಕ್ಸಿಮ್ಯಾಬ್ ಎಂಬ ಔಷಧದ ಮೇಲೆ ಈ ಕುರಿತ ಕಟ್ಟೆಚ್ಚರವನ್ನು ಚೌಕಟ್ಟಿನೊಳಗೆ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೇಳಿತು. ಆ ಔಷಧ ಪಡೆದರೆ, ಹಿಂದೆ ಎಂದೋ ಬಂದು "ಹೋಗಿದೆ" ಅಂದುಕೊಂಡವರಲ್ಲೂ ವೈರಸ್ಸು ಎದ್ದೀತು. ಕ್ಯಾನ್ಸರ್ ಔಷಧ ಶುರು ಮಾಡುವ ಎಲ್ಲರಿಗೂ ಹೆಪಟೈಟಿಸ್ ಬಿ ತಪಾಸಣೆ ಮಾಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರಲ್ಲಿ ಹೇಳಿತು. ನಮ್ಮ ಜನ ಇದೇ ಚಿಕಿತ್ಸೆಗೆ ಹುಬ್ಬಳ್ಳಿಗೆ, ಬೆಳಗಾವಿಗೆ, ಬೆಂಗಳೂರಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಮೂರನೆಯದು ಹೆಪಟೈಟಿಸ್ ಸಿ ಗುಳಿಗೆ. ಸಿ ವೈರಸ್ಸನ್ನು ಹನ್ನೆರಡು ವಾರದ ಗುಳಿಗೆಯಿಂದ ಬಹುತೇಕ ಜನರಲ್ಲಿ ಪೂರ್ತಿ ವಾಸಿ ಮಾಡಬಹುದು. ಆದರೆ ಅದೇ ಮನುಷ್ಯನಲ್ಲಿ ಬಿ ಕೂಡ ಇದ್ದರೆ, ಸಿ ಹೋದ ಕೂಡಲೇ ಬಿ ಏಳಬಹುದು. ಈ ಎಚ್ಚರಿಕೆ 2016ರಲ್ಲಿ ಬಂತು.

ನಾಲ್ಕನೆಯದು, ನಡೆಯುತ್ತಿರುವ ಗುಳಿಗೆಯನ್ನು ನಡುವೆ ಬಿಡುವುದು. ರಾಮದುರ್ಗ ಕಡೆಯ ನೇಕಾರರ ಮನೆತನದ ಅಕ್ಕ ಒಬ್ಬರು ನಮಗೆ ಗೊತ್ತು. ಟೆನೊಫೊವಿರ್ ಗುಳಿಗೆ ಎರಡು ವರ್ಷ ತಗೊಂಡಿದ್ದರು, ಆರಾಮಿದ್ದರು. ಅತ್ತೆಮನೆಯಲ್ಲಿ "ದಿನಾ ಎದರ ಗುಳಗಿ ನುಂಗ್ತಿ?" ಎಂದು ಕೇಳಿದರೆಂದು ನಾಚಿ ಬಿಟ್ಟರು. ಆರು ತಿಂಗಳಲ್ಲಿ ಕಣ್ಣು ಹಳದಿ. ಪುಣ್ಯಕ್ಕೆ ಬೇಗ ಹೋದರು, ಬದುಕಿದರು. ಎಚ್‌ಐವಿ ಇದ್ದವರು ನುಂಗುವ ಎಆರ್‌ಟಿ ಗುಳಿಗೆಯಲ್ಲೂ ಇದೇ ಟೆನೊಫೊವಿರ್ ಇದೆ, ಜೊತೆಗೆ ಲ್ಯಾಮಿವುಡಿನ್ ಇದೆ. ಎರಡೂ ಹೆಪಟೈಟಿಸ್ ಬಿ ಮೇಲೂ ಕೆಲಸ ಮಾಡುತ್ತವೆ. ಎರಡೂ ಬ್ಯಾನಿ ಇದ್ದವರು ಎಆರ್‌ಟಿ ತಪ್ಪಿಸಿದರೆ ಎಚ್‌ಐವಿ ಜೊತೆಗೆ ಕಾಮಣಿಯೂ ಏಳುತ್ತದೆ. ಸುಗ್ಗಿಗೆಂದು, ಕಬ್ಬು ಕಡಿಯಲು ಪರವೂರಿಗೆ ಹೋಗುವವರು ಈ ಗುಳಿಗೆ ಮರೆಯಬಾರದು.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಈ ನಾಲ್ಕೂ ಕಡೆ ಎಬ್ಬಿಸುವ ಮುನ್ನ ಗೊತ್ತಾದರೆ ತಡೆಯಬಹುದು. ಮೊದಲೇ ರಕ್ತ ನೋಡಿ, ಇದೆ ಎಂದು ಗೊತ್ತಾದರೆ, ಡಾಕ್ಟರು ಅಗತ್ಯ ನೋಡಿ ಟೆನೊಫೊವಿರ್ ಅಥವಾ ಎಂಟೆಕಾವಿರ್ ಗುಳಿಗೆಯನ್ನು ಮುಂಚೆಯೇ ಶುರು ಮಾಡುತ್ತಾರೆ, ಆ ಚಿಕಿತ್ಸೆ ಮುಗಿದ ಮೇಲೂ ಹಲವು ತಿಂಗಳು ನಡೆಸುತ್ತಾರೆ. ಬಾಗಿಲು ಮುಂಚೆಯೇ ಹಾಕಿದಂತೆ. ಕೆಡುಕು ಬಂದ ಮೇಲೆ ಇದೇ ಗುಳಿಗೆ ಕೊಟ್ಟರೂ ಎಷ್ಟೋ ಸಲ ಹೊತ್ತು ಮೀರಿರುತ್ತದೆ.

ನಮ್ಮೊಳಗೆ ಬಂದದ್ದು ಹೇಗೆ?

"ನಮ್ಮೂರಾಗ ಅಂಥಾದ್ದೆಲ್ಲಾ ಇಲ್ಲ" ಅನ್ನುವವರಿಗೆ ಒಂದು ಲೆಕ್ಕ. 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ ಹೊತ್ತು ಬದುಕುತ್ತಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಅಂದಾಜಿಸಿದೆ. ನೂರಕ್ಕೆ ಸುಮಾರು ಇಬ್ಬರು. ಈ ಅಂದಾಜನ್ನು ಎರಡು ಸಾವಿರ ಜನರ ಹಳ್ಳಿಗೆ ಹಚ್ಚಿ ನೋಡಿ, ನಲವತ್ತು ಜನ. ಇದು ನಮ್ಮ ಊರುಗಳ ಸಮೀಕ್ಷೆಯಲ್ಲ, ದೇಶದ ಲೆಕ್ಕವನ್ನು ಊರಿಗೆ ಇಳಿಸಿದ್ದು. ಆದರೂ ಕೇಳುತ್ತೇವೆ: ನಿಮ್ಮೂರಲ್ಲಿ ಆ ನಲವತ್ತು ಜನ ಯಾರು? ಅವರಿಗೆ ಗೊತ್ತೇ? ಇಡೀ ಜಗತ್ತಿನಲ್ಲೇ ಈ ಸೋಂಕಿದ್ದ ನೂರು ಜನರಲ್ಲಿ ಪತ್ತೆಯಾದವರು ಹದಿಮೂರು ಜನ, ಔಷಧ ಸಿಕ್ಕಿದ್ದು ಮೂವರಿಗೆ ಎಂದು ಅದೇ ವರದಿ ಹೇಳುತ್ತದೆ.

ಈ ವೈರಸ್ಸು ಮೈಯಿಂದ ಹೊರಗೆ ಬಿದ್ದರೂ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರುತ್ತದೆ. ಈಗ ನಮ್ಮ ಬಾಲ್ಯ ನೆನಪು ಮಾಡಿಕೊಳ್ಳಿ. ಗಾಜಿನ ಸಿರಿಂಜು ಬಿಸಿನೀರಲ್ಲಿ ಅದ್ದಿ ಊರಿಗೆಲ್ಲ ಅದೇ ಸೂಜಿ. ಜವಳ ತೆಗೆಸುವಾಗ ಒಂದೇ ಕತ್ತಿ. ಜಾತ್ರೆಯಲ್ಲಿ ಸಾಲಾಗಿ ಕೂತು ಒಂದೇ ಸೂಜಿಯಿಂದ ಹಚ್ಚೆ. ಎಲ್ಲಮ್ಮನ ಗುಡ್ಡಕ್ಕೆ, ಗೊಡಚಿ ವೀರಭದ್ರನ ಜಾತ್ರೆಗೆ ಹೋಗಬೇಡಿ ಅನ್ನುತ್ತಿಲ್ಲ, ನಾವೂ ಹೋಗುತ್ತೇವೆ. ಹಚ್ಚೆಗೆ ಹೊಸ ಸೂಜಿ, ಹೊಸ ಬಣ್ಣ, ಕ್ಷೌರಕ್ಕೆ ಹೊಸ ಬ್ಲೇಡು ಕೇಳಿ ಪಡೆಯಿರಿ ಅನ್ನುತ್ತೇವೆ.

ಸೂಜಿ ಹಳೆಯ ಕಾಲದ ಮಾತು ಅಂದುಕೊಳ್ಳಬೇಡಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜನ ಸತ್ತರು. ಆಗ ಅದು ನಮ್ಮಂಥದ್ದೇ ಒಂದು ತಾಲ್ಲೂಕು ಪೇಟೆಯಾಗಿತ್ತು.

ಮಕ್ಕಳಿಗೆ ಈಗ ಲಸಿಕೆ ಇದೆ. 2007-08ರ ಸುಮಾರಿಗೆ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ಬಂತು, 2011ರಿಂದ ದೇಶಕ್ಕೆಲ್ಲ ಬಂತು. ಅಂದರೆ ಅದಕ್ಕೂ ಮುಂಚೆ ಹುಟ್ಟಿದ ನಾವು, ನಮ್ಮ ಅಪ್ಪ ಅವ್ವ, ಕಾಕಾ ಮಾಮಾ, ಬಹುತೇಕ ಯಾರಿಗೂ ಆ ಲಸಿಕೆ ಇಲ್ಲ. ಮೊಣಕಾಲು ನೋವು, ಸಕ್ಕರೆ, ಕ್ಯಾನ್ಸರ್ ಬರುವ ವಯಸ್ಸಿನವರೂ ಇವರೇ. ಸ್ಟಿರಾಯ್ಡ್, ಕಿಮೋ ಪಡೆಯುವವರೂ ಇವರೇ. ಲೆಕ್ಕ ಇಷ್ಟು ಸರಳ ಇರುವಾಗ ದೊಡ್ಡವರ ತಪಾಸಣೆ ಯಾಕೆ ಯಾರ ತಲೆಗೂ ಹೊಳೆಯುವುದಿಲ್ಲ?

ನಮ್ಮ ಸಿಟ್ಟು ಯಾರ ಮೇಲೆ?

ಒಂದು, ಸರ್ಕಾರದ ಮೇಲೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ತಪಾಸಣೆ ಉಚಿತ, ಗುಳಿಗೆ ಉಚಿತ. ಕಾಗದದ ಮೇಲೆ ಒಳ್ಳೆಯ ಯೋಜನೆ, ನಾವು ಅದನ್ನು ಹೊಗಳುತ್ತೇವೆ. ಆದರೆ ಚಿಕಿತ್ಸಾ ಕೇಂದ್ರ ಜಿಲ್ಲಾ ಮಟ್ಟಕ್ಕೆ ನಿಂತರೆ ರಾಮದುರ್ಗದ ಕೂಲಿ ಹೆಣ್ಣುಮಗಳು ಒಂದು ಗುಳಿಗೆ ಡಬ್ಬಿಗೆ ನೂರು ಕಿಲೋಮೀಟರ್ ಆಸುಪಾಸು ಬಸ್ಸಿನಲ್ಲಿ ಹೋಗಿ, ಒಂದು ದಿನದ ಪಗಾರ ಕಳಕೊಂಡು ಬರಬೇಕು. ಮೂರು ಸಲ ಹೋದಾಳು, ನಾಲ್ಕನೇ ಸಲ ಬಿಡುತ್ತಾಳೆ. ಬಿಟ್ಟರೆ ಏನಾಗುತ್ತದೆ ಎಂದು ಮೇಲೆ ಓದಿದಿರಿ. ಬಸುರಿಯರಿಗೆ ರಕ್ತ ನೋಡುತ್ತಾರೆ, ಒಳ್ಳೆಯದು. ಬಸುರಿಯ ರಕ್ತದಲ್ಲಿ ಸಿಕ್ಕರೆ ಅವಳ ಗಂಡ, ಅವ್ವ, ಅಣ್ಣತಮ್ಮಂದಿರನ್ನು ಕರೆದು ನೋಡುವುದೂ ಆ ಕೆಲಸದ ಭಾಗವೇ ಆಗಬೇಕು.

ಎರಡು, ರಕ್ತದಾನ ಶಿಬಿರ ಮಾಡುವವರ ಮೇಲೆ. ಜಯಂತಿ ಇರಲಿ, ಉತ್ಸವ ಇರಲಿ, ನಾಯಕರ ಹುಟ್ಟುಹಬ್ಬ ಇರಲಿ, ಹಂದರ ಹಾಕಿ, ಬಾಳೆಹಣ್ಣು ಬಿಸ್ಕೀಟು ಕೊಟ್ಟು, ಫೋಟೋ ಹಿಡಿದು ರಕ್ತ ಒಯ್ಯುತ್ತಾರೆ. ಒಯ್ದ ಪ್ರತಿ ಬಾಟಲಿಗೂ ಹೆಪಟೈಟಿಸ್ ಬಿ ತಪಾಸಣೆ ಕಾನೂನಿನ ಪ್ರಕಾರ ಆಗಲೇಬೇಕು, ಆಗುತ್ತದೆ. ಅಂದರೆ ಹಳ್ಳಿಯ ಗಂಡಸರಿಗೆ ಜೀವನದಲ್ಲಿ ಒಮ್ಮೆ ಈ ತಪಾಸಣೆ ಆಗಿದ್ದರೆ ಅದು ಹೆಚ್ಚಾಗಿ ಇಲ್ಲೇ. ಆ ಫಲಿತಾಂಶ ಯಾರಿಗೆ ಸೇರಿದ್ದು? ರಕ್ತ ಕೊಟ್ಟವನಿಗಲ್ಲವೇ? ಅವನಿಗೆ ತಿಳಿಯುವ ಭಾಷೆಯಲ್ಲಿ, ಗುಟ್ಟಾಗಿ, ಎದುರು ಕೂರಿಸಿ ಹೇಳದೆ ಎರಡು ಸಾಲು ಇಂಗ್ಲಿಷ್ ಕಳಿಸಿ ಕೈತೊಳೆದುಕೊಂಡರೆ ಅದು ದಾನ ಪಡೆದವರು ಮಾಡುವ ಕೆಲಸವೇ? ಮಾವ ರಕ್ತ ಕೊಟ್ಟು ಯಾರದೋ ಜೀವ ಉಳಿಸಲು ಹೋದವರು. ಅವರ ಜೀವ ಉಳಿಸುವ ಮಾಹಿತಿ ಒಂದು ಕಪಾಟಿನಲ್ಲಿತ್ತು.

ಮೂರು, ಕೇಳದೆ ಸ್ಟಿರಾಯ್ಡ್ ಬರೆಯುವವರ ಮೇಲೆ. ಒಳ್ಳೆಯ ಡಾಕ್ಟರು ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ. ರಾತ್ರಿ ಎರಡಕ್ಕೂ ಎದ್ದು ಬಂದವರನ್ನು ನೋಡಿದ್ದೇವೆ. ಆದರೆ ಚೀಟಿ ಇಲ್ಲದೆ, ಹೆಸರು ಹೇಳದೆ, ಪುಡಕೆಯಲ್ಲಿ ಸುತ್ತಿ ಬಿಳಿ ಗುಳಿಗೆ ಕೊಡುವುದು ವೈದ್ಯ ವೃತ್ತಿಯಲ್ಲ, ವ್ಯಾಪಾರ. ಔಷಧದ ಹೆಸರು ತಿಳಿಯುವುದು ರೋಗಿಯ ಹಕ್ಕು.

ನಾಲ್ಕು, ನಮ್ಮ ಮೇಲೆಯೇ. "ಡಾಕ್ಟರ್ರ, ಒಂದ ಸೂಜಿ ಮಾಡಿಬಿಡ್ರಿ, ಸಲಾಯಿನ್ ಹಚ್ಚಿಬಿಡ್ರಿ, ನಾಳಿಗೆ ಕೆಲಸಕ್ಕ ಹೋಗಬೇಕ್ರಿ" ಅನ್ನುವವರು ನಾವೇ. ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುವವರೂ ನಾವೇ. ಕೂಲಿ ತಪ್ಪಿದರೆ ಒಲೆ ಹೊತ್ತುವುದಿಲ್ಲ ಎಂಬುದು ನಮಗೆ ಗೊತ್ತು. ಆದರೆ ಮಾವನ ಆಸ್ಪತ್ರೆ ಖರ್ಚಿಗೆ ಎತ್ತು ಮಾರಿದರು. ಅದೂ ಕೂಲಿಯ ಲೆಕ್ಕವೇ.

ನಾಟಿ ಔಷಧದ ಮಾತು ಬಂದರೆ ಜಗಳ ಬರುತ್ತದೆ, ಗೊತ್ತು. ನೆಲನೆಲ್ಲಿಯನ್ನು ವಿಜ್ಞಾನ ನೋಡೇ ಇಲ್ಲ ಎಂಬುದು ಸುಳ್ಳು. ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಸ್ವತಃ ಮದ್ರಾಸಿನ ಸಂಶೋಧಕರ ಜೊತೆ ನೆಲನೆಲ್ಲಿಯ ಮೇಲೆ ಕೆಲಸ ಮಾಡಿದರು. 1988ರಲ್ಲಿ ಅದು ವೈರಸ್ಸು ಓಡಿಸುತ್ತದೆಂಬ ಆಸೆ ಹುಟ್ಟಿಸುವ ವರದಿಯೂ ಬಂತು. ಆಮೇಲೆ ಬೇರೆ ಕಡೆ ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ನೀರಿನ ಕಾಮಣಿ ತಾನಾಗಿ ಹೋಗುವಾಗ ಔಷಧಕ್ಕೆ ಹೆಸರು ಬರುತ್ತದೆ. ಎದ್ದು ಬಂದ ಹೆಪಟೈಟಿಸ್ ಬಿಗೆ ಅದನ್ನೇ ನಂಬಿ ಕೂತರೆ ಹದಿನೈದು ದಿನ ಹೋಗುತ್ತದೆ, ಆ ಹದಿನೈದು ದಿನವೇ ಜೀವ. ಬರೆ ಎಳೆಯುವುದಂತೂ ಸುಟ್ಟ ಗಾಯ, ಬೇರೇನೂ ಅಲ್ಲ.

"ಗೊತ್ತಾಗಿ ಏನ್ ಮಾಡೂದೈತಿ?"

ಈ ಮಾತು ಬಹಳ ಕೇಳಿದ್ದೇವೆ. "ಗೊತ್ತಾದರೆ ಮಗಳ ಮದುವೆ ನಿಲ್ಲುತ್ತದೆ, ಮನೆಯಲ್ಲಿ ತಾಟು ಬೇರೆ ಇಡುತ್ತಾರೆ, ಇರುವುದು ಇರಲಿ ಬಿಡಿ." ಈ ಅಂಜಿಕೆಯನ್ನು ನಾವು ನಗೆಯಾಡುವುದಿಲ್ಲ. ತಾಟು ಬೇರೆ ಇಟ್ಟಿದ್ದನ್ನು ಕಂಡಿದ್ದೇವೆ. ಆದ್ದರಿಂದ ಗಟ್ಟಿಯಾಗಿ ಹೇಳುತ್ತೇವೆ: ಹೆಪಟೈಟಿಸ್ ಬಿ ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ. ಕೈ ಹಿಡಿದರೆ, ತಬ್ಬಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ. ಕೂಸಿಗೆ ಮೊಲೆಹಾಲು ಕುಡಿಸಬಹುದು. ಬೇರೆ ಇಡಬೇಕಾದದ್ದು ಬ್ಲೇಡು, ಉಗುರುಕಟರ್, ಹಲ್ಲುಜ್ಜುವ ಬ್ರಷ್ಷು, ಇಷ್ಟೇ.

ಮದುವೆಯೂ ನಿಲ್ಲಬೇಕಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಆರು ತಿಂಗಳಲ್ಲಿ ಮೂರು ಡೋಸು ಲಸಿಕೆ. ಬಸುರಿಗಿದ್ದರೆ ದವಾಖಾನೆಯಲ್ಲೇ ಹೆರಿಗೆ, ಕೂಸಿಗೆ ಹುಟ್ಟಿದ ಇಪ್ಪತ್ನಾಲ್ಕು ತಾಸಿನೊಳಗೆ ಲಸಿಕೆ. ಇದ್ದವರೆಲ್ಲರಿಗೂ ಗುಳಿಗೆ ಬೇಕಾಗುವುದೂ ಇಲ್ಲ. ಎಷ್ಟೋ ಜನರಿಗೆ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು, ಸೆರೆ ಬಿಟ್ಟು ಇದ್ದರೆ ಸಾಕು. ತೋರಿಸಿಕೊಳ್ಳದೆ ಇದ್ದರೆ ಲಿವರ್ ಗಟ್ಟಿಯಾಗಿ, ಕ್ಯಾನ್ಸರಿಗೂ ತಿರುಗಬಹುದು. ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆ ಅನ್ನುವವರಿಗೆ ಒಂದೇ ಮಾತು: ಮಾವನ ವಿಷಯ ಹನ್ನೊಂದು ವರ್ಷ ಟ್ರಂಕಿನಲ್ಲಿ ಮುಚ್ಚಿಕೊಂಡೇ ಇತ್ತು.

ನಾವು ಕೇಳುವುದು

ನಾಲ್ಕೂ ತಾಲ್ಲೂಕು ಆಸ್ಪತ್ರೆಯ ಅಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಇಲಾಖೆಗೆ, ನಮ್ಮ ಶಾಸಕರಿಗೆ ನಮ್ಮ ಕೇಳಿಕೆ ಇವು.

ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಸಂತೆಯ ದಿನವೇ ಆಗಲಿ, ದೊಡ್ಡವರಿಗೆ ಹೆಪಟೈಟಿಸ್ ಬಿ ಮತ್ತು ಸಿ ಉಚಿತ ತಪಾಸಣೆ. ಆ ದಿನ ಯಾವುದು ಎಂದು ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಗುಳಿಗೆ ಶುರುವಾದವರಿಗೆ ಮುಂದಿನ ತಿಂಗಳುಗಳ ಗುಳಿಗೆ ತಾಲ್ಲೂಕಿನಲ್ಲೇ ಸಿಗಬೇಕು. ಬೆಳಗಾವಿಗೆ ಹೋಗುವುದು ಡಾಕ್ಟರು ಕರೆದಾಗ ಮಾತ್ರ.

ನಾಲ್ಕು ವಾರ ಮೀರಿ ಸ್ಟಿರಾಯ್ಡ್ ಬರೆಯುವ ಮುನ್ನ, ಯಾವುದೇ ಕಿಮೋ ಮುನ್ನ, ರಕ್ತದ ಫಲಿತಾಂಶವನ್ನು ಚೀಟಿಯ ಮೇಲೆ ಬರೆದಿರಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ.

ರಕ್ತದಾನ ಶಿಬಿರಕ್ಕೆ ಅನುಮತಿ ಕೊಡುವಾಗ ಒಂದು ಷರತ್ತು ಇರಬೇಕು: ಏನಾದರೂ ಸಿಕ್ಕರೆ ದಾನಿಯನ್ನು ಗುಟ್ಟಾಗಿ ಕರೆದು, ಕನ್ನಡದಲ್ಲಿ ತಿಳಿಸಿ, ಚಿಕಿತ್ಸಾ ಕೇಂದ್ರಕ್ಕೆ ಮುಟ್ಟಿಸಬೇಕು.

ಇಷ್ಟೇ. ಹೊಸ ಕಟ್ಟಡ ಕೇಳುತ್ತಿಲ್ಲ, ಹೊಸ ಯಂತ್ರ ಕೇಳುತ್ತಿಲ್ಲ. ಚೆನ್ನಮ್ಮನ ಮೂರ್ತಿಗೆ ಮಾಲೆ ಹಾಕಿ ಭಾಷಣ ಮಾಡುವವರು ಈ ನಾಲ್ಕು ಮಾತು ವಿಧಾನಸೌಧದಲ್ಲಿ ಆಡಿದರೆ ಮಾಲೆಗೂ ಅರ್ಥ ಬರುತ್ತದೆ.

ನೀವು ಮಾಡುವುದು

ಮುಂದಿನ ಸಲ ಯಾವುದೇ ಕಾರಣಕ್ಕೆ ರಕ್ತ ಕೊಡುವಾಗ, "ಎಚ್‌ಬಿಎಸ್‌ಎಜಿ ಒಂದ್ ನೋಡ್ರಿ" ಅನ್ನಿ. ಈ ಐದು ಅಕ್ಷರವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಎಚ್, ಬಿ, ಎಸ್, ಎ, ಜಿ. ಮನೆಯಲ್ಲಿ ಯಾರಿಗಾದರೂ ಕಿಮೋ ಶುರುವಾಗುವುದಿದ್ದರೆ ಇದರ ಜೊತೆ "ಆ್ಯಂಟಿ ಎಚ್‌ಬಿಸಿ" ಕೂಡ ನೋಡಿದ್ದೀರಾ ಎಂದು ಕೇಳಿ. ಹಿಂದೆ ಬಂದು ಹೋಗಿದ್ದರೂ ಅದು ಹೇಳುತ್ತದೆ. ಡಾಕ್ಟರಿಗೆ ಸಿಟ್ಟು ಬರುತ್ತದೆಂದು ಅಂಜಬೇಡಿ. ಒಳ್ಳೆಯ ಡಾಕ್ಟರು ಖುಷಿಪಡುತ್ತಾರೆ.

ಇಲ್ಲ ಎಂದು ಬಂದರೆ ಲಸಿಕೆಯ ಬಗ್ಗೆ ಕೇಳಿ. ಇದೆ ಎಂದು ಬಂದರೆ ಮನೆಯವರೆಲ್ಲರ ರಕ್ತ ನೋಡಿಸಿ, ಮತ್ತು ಮುಂದೆ ಯಾವ ದವಾಖಾನೆಗೆ ಹೋದರೂ ಮೊದಲ ಮಾತು ಅದನ್ನೇ ಹೇಳಿ. ಗುಳಿಗೆ ನಡೆಯುತ್ತಿದ್ದರೆ ಡಾಕ್ಟರು ಹೇಳದೆ ಒಂದು ದಿನವೂ ಬಿಡಬೇಡಿ.

ಇನ್ನೊಂದು ಮಾತು, ಬಹಳ ಮುಖ್ಯ. ಈ ಬರಹ ಓದಿ, ಈಗ ನುಂಗುತ್ತಿರುವ ಸ್ಟಿರಾಯ್ಡ್ ಗುಳಿಗೆಯನ್ನು ಇವತ್ತೇ ಬಿಸಾಡಬೇಡಿ. ತಿಂಗಳುಗಟ್ಟಲೆ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೆ ಬೇರೆಯೇ ಅಪಾಯ ಇದೆ. ಗುಳಿಗೆ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ, ರಕ್ತ ನೋಡಿಸಿ, ಅವರು ಹೇಳಿದಂತೆ ನಿಧಾನ ಇಳಿಸಿ. ಕಣ್ಣು ಹಳದಿ, ಉಚ್ಚೆ ಕಡು ಹಳದಿ, ಹೊಟ್ಟೆ ಉಬ್ಬರ, ನಿದ್ದೆಯ ಅಮಲು, ತಪ್ಪು ತಪ್ಪು ಮಾತು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಹೋಗಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ. ಆಶಾ ಅಕ್ಕನಿಗೂ ಕೇಳಿ.

ಗೆಳೆಯನ ಮನೆಯಲ್ಲಿ ಆಮೇಲೆ ಎಲ್ಲರೂ ರಕ್ತ ನೋಡಿಸಿದರು. ಮಾವನ ದೊಡ್ಡ ಮಗನಿಗೂ ಇದೆ. ಅವನಿಗೆ ಮೂವತ್ತು ವರ್ಷ, ಟ್ರ್ಯಾಕ್ಟರ್ ಹೊಡೆಯುತ್ತಾನೆ, ಆರಾಮಿದ್ದಾನೆ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಾನೆ. ಹೆಂಡತಿಗೆ ಲಸಿಕೆಯ ಮೂರೂ ಡೋಸು ಮುಗಿದಿವೆ. ಮೊನ್ನೆ ಸೊಂಟ ನೋವೆಂದು ಪೇಟೆಗೆ ಹೋದಾಗ ಬಿಳಿ ಗುಳಿಗೆ ಕೊಡಲು ಬಂದವರಿಗೆ ಅವನು ಕೇಳಿದನಂತೆ: "ಇದರ ಹೆಸರು ಬರದು ಕೊಡ್ರಿ ಸಾಹೇಬ್ರ. ನಂಗ ಹೆಪಟೈಟಿಸ್ ಬಿ ಐತ್ರಿ."

ಅವರು ಗುಳಿಗೆ ವಾಪಸ್ ಡಬ್ಬಿಗೆ ಹಾಕಿದರಂತೆ.

ಮಾವನ ಕಾಗದ ಈಗ ಟ್ರಂಕಿನಲ್ಲಿಲ್ಲ. ಮಗನ ಆಸ್ಪತ್ರೆ ಫೈಲಿನ ಮೊದಲ ಹಾಳೆ ಅದು. ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದ್ದೊಂದು ಕಾಗದ ಇದ್ದರೆ ಇವತ್ತು ತೆಗೆದು ಓದಿ. ಇಂಗ್ಲಿಷ್ ಬಾರದಿದ್ದರೆ ನಮಗೆ ಕಳಿಸಿ, ನಾವು ಓದಿ ಹೇಳುತ್ತೇವೆ.